ಬಿಳಿ ಬಣ್ಣದ ಅಡಿಯ ಶಬ್ದ

ಲೋಲಾಕ್ಷಿಗೆ ಸಿಟ್ಟು ಬಂದರೆ ಅದು ಮೊದಲು ಗೊತ್ತಾಗುವುದು ಅಡುಗೆಮನೆಯ ಪಾತ್ರೆಗಳಿಗೆ. ಆ ಬೆಳಿಗ್ಗೆ ಬಂಗುಡೆ ತೊಳೆಯುತ್ತ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಾದಿನಿಯ ಮಾತು ಕೇಳುತ್ತಿದ್ದಳು. ಮಾತು ಮುಗಿದದ್ದೇ ಮೀನಿನ ಚಟ್ಟಿಯನ್ನು ಕಲ್ಲಿನ ಮೇಲೆ ಎಷ್ಟು ಜೋರಾಗಿ ಕುಕ್ಕಿದಳೆಂದರೆ, ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಗಂಡ ಕುಂಞ, "ಒಡೀತಾ?" ಎಂದು ಕೇಳಿದ.

"ಚಟ್ಟಿ ಗಟ್ಟಿ ಉಂಟು. ಒಡೆಯುದಿದ್ರೆ ನಿಮ್ಮ ಮಗಳ ಸಂಬಂಧ."

ಫೋನು ಮಾಡಿದ್ದು ಕುಂಞನ ತಂಗಿ ಮೋಹಿನಿ. ಮಧೂರಿನ ಹತ್ತಿರ ಅವಳ ಮನೆ. ರಶ್ಮಿತಾಳಿಗೆ ಗಂಡು ಹುಡುಕಿ ತಂದವಳು ಅವಳೇ. ಹುಡುಗ ಶ್ಯಾಮ, ಶಾರ್ಜಾದಲ್ಲಿ ಎಲೆಕ್ಟ್ರಿಷಿಯನ್. ಒಳ್ಳೆಯ ಮನೆತನ, ಜಾತಕವೂ ಕೂಡಿಬಂದಿತ್ತು. ಹುಡುಗನ ಸೋದರಮಾವ ಒಮ್ಮೆ ಬಂದು ಮನೆ ನೋಡಿ ಹೂಂ ಅಂದರೆ ಆಯಿತು. ಅಷ್ಟರಲ್ಲಿ ಊರಿನ ವಾಚನಾಲಯದವರು ಈ ಎಡವಟ್ಟು ಮಾಡಿ ಇಟ್ಟಿದ್ದರು. ವಾರ್ಷಿಕೋತ್ಸವಕ್ಕೆ ರಶ್ಮಿತಾ ಮತ್ತು ಅವಳ ತಮ್ಮ ಅಶ್ವಿತ್ ಬಿಡಿಸಿದ ಚಿತ್ರಗಳ ಪ್ರದರ್ಶನ ಎಂದು ವಾಟ್ಸಪ್ಪಿನಲ್ಲಿ ಮಲಯಾಳದ ಪೋಸ್ಟರು ಬಂದಿತ್ತು. ಅದನ್ನು ಓದಿ ಹೇಳಿದವನು ಮೋಹಿನಿಯ ಮಗ.

"ಅತ್ತಿಗೆ, ಪ್ರದರ್ಶನ ಮಾಡುದು ಮಾಡ್ಲಿ," ಎಂದಿದ್ದಳು ಮೋಹಿನಿ. "ಆದ್ರೆ ಇಬ್ಬರನ್ನೂ ಸೇರಿಸಿ ಭಿನ್ನಶೇಷಿ ಅಂತ ಬರ್ದದ್ದು ಎಂತಕ್ಕೆ? ಅಶ್ವಿತ್‌ಗೆ ಸರಿ, ಅವನಿಗೆ ಕಿವಿ ಕೇಳುದಿಲ್ಲ. ರಶ್ಮಿಗೆ ಎಂತ ಆಗಿದೆ? ಆ ಸೋದರಮಾವ ನೋಡಿದ್ರೆ ಎಂತ ಗ್ರಹಿಸ್ಲಿಕ್ಕಿಲ್ಲ? ನಾನು ಅಲ್ಲಿ ಎಂತ ಹೇಳಿದ್ದೇನೆ ಅಂತ ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಅಶ್ವಿತ್‌ಗೆ ನಾಲ್ಕು ವರ್ಷವಿದ್ದಾಗ ಜೋರು ಜ್ವರ ಬಂದು ಕಿವಿ ಹೋಯಿತು ಎಂದು ಮೋಹಿನಿ ಹುಡುಗನ ಕಡೆಯವರಿಗೆ ಹೇಳಿದ್ದಳು. ಹುಟ್ಟಿದ್ದೇ ಹಾಗೆ ಎಂದರೆ ರಕ್ತದಲ್ಲೇ ಉಂಟು, ನಾಳೆ ಇವಳ ಹೊಟ್ಟೆಯಲ್ಲಿ ಹುಟ್ಟುವುದೂ ಹಾಗೆಯೇ ಎಂದು ಜನ ಹಿಂಜರಿಯುತ್ತಾರೆ. ಜ್ವರವಾದರೆ ಯಾರ ಮನೆಯ ಮಗುವಿಗೂ ಬರುತ್ತದೆ. ತೊಟ್ಟಿಲಿನಲ್ಲಿದ್ದ ಮಗುವಿನ ತಲೆಯ ಬಳಿ ಬಟ್ಟಲು ಬಡಿದು ಬಡಿದು ನೋಡಿ, ಮಗು ರೆಪ್ಪೆಯನ್ನೂ ಆಡಿಸದಿದ್ದಾಗ ಅಲ್ಲೇ ಕುಸಿದು ಕೂತವಳು ಲೋಲಾಕ್ಷಿ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಆದರೂ ನಾದಿನಿ ಆ ಸುಳ್ಳನ್ನು ಕಟ್ಟಿದಾಗ ಅವಳು ಬೇಡ ಎನ್ನಲಿಲ್ಲ. ಮಗಳಿಗೆ ಇಪ್ಪತ್ತಾರು ದಾಟಿತ್ತು. ಮೊದಲು ಬಂದ ಎರಡು ಸಂಬಂಧಗಳು ತಮ್ಮನ ವಿಷಯ ಕೇಳಿಯೇ ವಾಪಸು ಹೋಗಿದ್ದವು.

"ಬರೀಲಿ ಬಿಡು," ಎಂದ ಕುಂಞ. "ಅಂಗವಿಕಲರಿಗೆ ಸರ್ಕಾರ ಇಟ್ಟ ಶಬ್ದ ಅದು."

"ಸರ್ಕಾರಕ್ಕೆ ಮದುವೆಯ ಹೆಣ್ಣುಮಗಳು ಇಲ್ಲ. ನಮಗೆ ಉಂಟು."

ಆ ಶಬ್ದ ಕೇಳಿದರೇ ಲೋಲಾಕ್ಷಿಗೆ ಮೈ ಉರಿಯುತ್ತಿತ್ತು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು ಅವಳು. ಅವಳಿಗೆ ಭಿನ್ನ ಎಂದರೆ ಲೆಕ್ಕದ ಪುಸ್ತಕದ ಭಿನ್ನರಾಶಿ. ಶೇಷ ಎಂದರೆ ಭಾಗಿಸಿ ಭಾಗಿಸಿ ಕೊನೆಗೆ ಯಾರ ಪಾಲಿಗೂ ಬಾರದೆ ಅಡಿಯಲ್ಲಿ ಉಳಿಯುವ ಅಂಕೆ. ಒಡೆದದ್ದು, ಉಳಿದದ್ದು. ಮಗನ ಸರ್ಟಿಫಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಕಿಟಕಿಯ ಆಚೆಯಿಂದ ಆ ಶಬ್ದ ಬಂದು ಬಡಿದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಅಲ್ಲಿ ಅದೊಂದು ಕಾಗದದಲ್ಲಿತ್ತು, ಕಾಗದವನ್ನು ಕಪಾಟಿನೊಳಗೆ ಇಡಬಹುದಿತ್ತು. ಈಗ ಅದೇ ಪೋಸ್ಟರಿನ ಮಾತು ಬ್ಯಾನರಾಗಿ ರಸ್ತೆಯ ಬದಿಗೆ, ಮಗಳನ್ನೂ ಸೇರಿಸಿ, ಬಟ್ಟೆಯ ಮೇಲೆ!

ಸಂಜೆ ವಾಚನಾಲಯದ ಬಾಗಿಲು ತೆರೆಯುವುದನ್ನೇ ಕಾದು ಹೋದಳು. ಕಾರ್ಯದರ್ಶಿ ಹರಿನಾರಾಯಣ ಮಾಸ್ಟ್ರು ನಿವೃತ್ತರಾದ ಮೇಲೆ ಆ ಎರಡು ಕೋಣೆಯ ಕಟ್ಟಡವನ್ನೇ ಮನೆ ಮಾಡಿಕೊಂಡಿದ್ದವರು. ಮಕ್ಕಳ ಚಿತ್ರ ನೋಡಿ ಪ್ರದರ್ಶನ ಮಾಡುವ ಎಂದು ಹೊರಟವರೂ ಅವರೇ. ಅವರಿಗೆ ಯಾವ ಕೆಟ್ಟ ಬುದ್ಧಿಯೂ ಇರಲಿಲ್ಲ.

"ಅದು ಗೌರವದ ಶಬ್ದ ಲೋಲಾಕ್ಷಿ," ಎಂದರು ಮಾಸ್ಟ್ರು. "ಮಲಯಾಳದಲ್ಲಿ ಶೇಷಿ ಅಂದ್ರೆ ಸಾಮರ್ಥ್ಯ. ಬೇರೆ ರೀತಿಯ ಸಾಮರ್ಥ್ಯ ಇದ್ದವರು ಅಂತ ಅರ್ಥ. ನಮ್ಮ ಲೆಕ್ಕದ ಶೇಷ ಅಲ್ಲ."

"ಗೌರವದ್ದಾದ್ರೆ ನಿಮ್ಮ ಮಗಳ ಮದುವೆ ಕಾಗದದಲ್ಲಿ ಹಾಕಿಸಿ."

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಅಶ್ವಿತ್‌ಗೆ ಮಾತ್ರ ಅಂತ ಬರೀಬೇಕಿತ್ತು. ಅವಸರದಲ್ಲಿ ಇಬ್ಬರಿಗೂ ಸೇರಿಹೋಯ್ತು, ನನ್ನದೇ ತಪ್ಪು. ಆದ್ರೆ ಬ್ಯಾನರು ಪ್ರಿಂಟಾಗಿ ಬಂದಾಯ್ತು. ಇನ್ನೆಂತ ಮಾಡುದು ಹೇಳು? ನಾಳೆ ಕುಂಞ ಬಂದು ಕೊಂಡುಹೋಗ್ತಾನೆ, ಹಗ್ಗ ಕೋಲು ಕಟ್ಲಿಕ್ಕೆ. ಮಕ್ಕಳಿಬ್ಬರೂ ಎಷ್ಟು ಖುಷಿಯಲ್ಲಿದ್ದಾರೆ ಗೊತ್ತುಂಟಾ? ಹಾಳು ಮಾಡ್ಬೇಡ ಮಾರಾಯ್ತಿ."

ಬ್ಯಾನರು ಮನೆಗೇ ಬರುತ್ತದೆ ಎಂಬುದೊಂದು ಅವಳಿಗೆ ಸಾಕಾಯಿತು. ಮತ್ತೆ ಮಾತು ಬೆಳೆಸದೆ ಎದ್ದು ಬಂದಳು.

ಗಡಿನಾಡಿನ ಆ ಮನೆಯಲ್ಲಿ ಮಾತು ತುಳು, ಓದುವುದು ಕನ್ನಡ. ಅಶ್ವಿತ್ ಒಬ್ಬನೇ ಬೇರೆ. ಕಿವಿ ಕೇಳದ ಮಕ್ಕಳಿಗೆಂದು ಸಿಕ್ಕಿದ ಶಾಲೆ ಮಲಯಾಳದ್ದು. ಅಲ್ಲಿನ ಹಾಸ್ಟೆಲಿನಲ್ಲಿದ್ದು ಕೈಭಾಷೆ ಕಲಿತ, ಮಲಯಾಳ ಓದಿ ಬರೆಯಲು ಕಲಿತ. ಮೊದಲನೆಯ ರಜೆಗೆ ಬಂದವನು ಸ್ಲೇಟಿನಲ್ಲಿ ಏನನ್ನೋ ಬರೆದು ತಾಯಿಯ ಮುಖದ ಮುಂದೆ ಹಿಡಿದಿದ್ದ. ತಾಯಿಗೆ ಓದಲಾಗಲಿಲ್ಲ. ತಾಯಿ ಬರೆದದ್ದು ಅವನಿಗೆ ಓದಲಾಗಲಿಲ್ಲ. ಊಟ, ಸ್ನಾನ, ಅಂಗಡಿ, ಬಸ್ಸು, ಬೇಕು, ಬೇಡ ಎಂದು ಮನೆಯಲ್ಲೇ ಹುಟ್ಟಿದ ನಾಲ್ಕಾರು ಸನ್ನೆಗಳಲ್ಲೇ ತಾಯಿ ಮಗನ ಸಂಸಾರ ನಡೆದಿತ್ತು. ಜಗಳಕ್ಕೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅವನು ಬಟ್ಟಲನ್ನು ದೂಡುತ್ತಿದ್ದ, ಅವಳು ಸೌಟು ಎತ್ತುತ್ತಿದ್ದಳು, ಇಬ್ಬರೂ ಅರ್ಧ ಗಂಟೆ ಮುಖ ಊದಿಸಿಕೊಂಡು ಮತ್ತೆ ಸರಿಯಾಗುತ್ತಿದ್ದರು.

ರಶ್ಮಿತಾ ತಮ್ಮನಿಂದ ಕೈಭಾಷೆ ಕಲಿತವಳು. ಬದಿಯಡ್ಕದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಡವರಿಸಿ ತಡವರಿಸಿ ಮಲಯಾಳ ಓದುವುದನ್ನೂ ಕಲಿತಳು. ಅಕ್ಕ ತಮ್ಮ ಇಬ್ಬರಿಗೂ ಚಿತ್ರದ ಹುಚ್ಚು ಹಿಡಿಸಿದ್ದು ಅಪ್ಪನ ಬಣ್ಣದ ಡಬ್ಬಿಗಳು. ಕುಂಞ ಬೋರ್ಡು ಬರೆಯುವವನು. ಬದಿಯಡ್ಕದಿಂದ ಕುಂಬಳೆಯವರೆಗೆ ಅಂಗಡಿ, ಹೋಟೆಲು, ಶಾಲೆ, ಕ್ಲಬ್ಬು ಎಂದು ಅವನ ಕೈಯ ಕನ್ನಡ, ಅವನ ಕೈಯ ಮಲಯಾಳ ಒಂದು ಕಾಲದಲ್ಲಿ ಎಲ್ಲಿ ನೋಡಿದರಲ್ಲಿ ಇತ್ತು. ಪ್ರಿಂಟಿನ ಬೋರ್ಡುಗಳು ಬಂದ ಮೇಲೆ ಆ ಕೆಲಸ ಹೋಯಿತು. ಈಗ ಮಗನನ್ನು ಜೊತೆಗೆ ಹಾಕಿಕೊಂಡು ಮನೆಗಳಿಗೆ ಪೇಂಟು ಹೊಡೆಯಲು ಹೋಗುತ್ತಾನೆ. ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಅಶ್ವಿತ್ ಪ್ಲೈವುಡ್ ತುಂಡುಗಳ ಮೇಲೆ ಮುಗಿಸುತ್ತಾನೆ: ಬಸ್ಸಿನ ಹಿಂಭಾಗ, ಮುಚ್ಚಿದ ಅಂಗಡಿಯ ಷಟರು, ಬಸ್ಸಿಗೆ ಕಾಯುವ ಜನ. ರಶ್ಮಿತಾಳದ್ದು ಹಳೆಯ ಬಿಳಿ ಮುಂಡಿನ ಬಟ್ಟೆಯ ಮೇಲೆ: ಬಸಳೆ ಚಪ್ಪರ, ಬೆಕ್ಕು, ತೆಂಗಿನ ತುರಿಮಣೆ. ಇಬ್ಬರೂ ಸೇರಿ ಬಿಡಿಸಿದ್ದು ಒಂದೇ ಒಂದು. ಕುಂಬಳೆಯ ರೈಲ್ವೆ ಸ್ಟೇಷನ್ನು, ಮಂಚದಷ್ಟು ಅಗಲದ ಹಲಗೆಯ ಮೇಲೆ.

ರಾತ್ರಿ ಊಟದ ಹೊತ್ತಿಗೆ ಲೋಲಾಕ್ಷಿ ಮಾತು ತೆಗೆದಳು.

"ಈ ಪ್ರದರ್ಶನ ಈಗಲೇ ಆಗ್ಬೇಕಾ? ಮಾತುಕತೆ ಒಮ್ಮೆ ಮುಗೀಲಿ."

"ಮುಗಿದ ಮೇಲೆ ನಾನು ಎಲ್ಲಿರ್ತೇನೆ ಅಮ್ಮ? ನನಗೆ ಇವನ ಜೊತೆ ಇದೊಂದು ಮಾಡ್ಲಿಕ್ಕೆ ಉಂಟು."

"ಮಾಡು. ಭಿನ್ನಶೇಷಿ ಅಂತ ನಿನ್ನ ಹೆಸರಿನ ಮೇಲೆ ಬರ್ದದ್ದಕ್ಕೆ ನಾಚಿಕೆ ಆಗುದಿಲ್ವಾ ನಿನಗೆ?"

"ಅದರಲ್ಲಿ ನಾಚಿಕೆ ಎಂತ? ಇವನ ಬಸ್ಸಿನ ಪಾಸಿನಲ್ಲಿ ಅದೇ ಇರುದು."

"ನಿನಗೆ ಕಿವಿ ಕೇಳ್ತದಾ ಇಲ್ವಾ?"

"ನಿನ್ನ ಬೊಬ್ಬೆ ಇಡೀ ಪುತ್ತಿಗೆ ಊರಿಗೇ ಕೇಳ್ತದೆ."

ಅಶ್ವಿತ್ ತಲೆ ಎತ್ತಿ ಎಂತ ಎಂದು ಕೈ ತಿರುಗಿಸಿದ. ರಶ್ಮಿತಾ ಏನೂ ಇಲ್ಲ ಎಂದಳು. ಅವನು ನಕ್ಕು, ತಾಯಿಯ ಬಟ್ಟಲಿನಿಂದ ಬಂಗುಡೆಯ ತಲೆಯನ್ನು ಎತ್ತಿ ತನ್ನ ಬಟ್ಟಲಿಗೆ ಹಾಕಿಕೊಂಡ.

ಮರುದಿನ ಮಧ್ಯಾಹ್ನ ಮಕ್ಕಳಿಬ್ಬರೂ ಚಿತ್ರಗಳನ್ನು ಜೀಪಿನಲ್ಲಿ ಹೇರಿಕೊಂಡು ವಾಚನಾಲಯಕ್ಕೆ ಹೋದರು. ಕುಂಞ ಬ್ಯಾನರನ್ನು ಅಂಗಳದಲ್ಲಿ ಹಾಸಿದ. ಲೋಲಾಕ್ಷಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಳು. ನೀಲಿ ಅಕ್ಷರಗಳು, ಬಿಳಿ ಬಟ್ಟೆ. ಮೇಲೆ ಒಂದು ಸಾಲು, ಅಡಿಯಲ್ಲಿ ಮಕ್ಕಳ ಹೆಸರು.

"ಅದೊಂದು ಶಬ್ದಕ್ಕೆ ಬಿಳಿ ಹೊಡೀರಿ," ಎಂದಳು.

"ಮಾಸ್ಟ್ರು ಎಂತ ಹೇಳ್ತಾರೋ."

"ಮಾಸ್ಟ್ರಿಗೆ ನಾನು ಹೇಳ್ತೇನೆ. ಯಾವುದು ಅಂತ ಗೊತ್ತುಂಟಲ್ಲ ನಿಮಗೆ?"

"ನಲ್ವತ್ತು ವರ್ಷ ಮಲಯಾಳ ಬರ್ದವನ ಹತ್ರ ಕೇಳುದಾ ಅದು?"

ಕುಂಞ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತ. ಬೆರಳನ್ನು ಸಾಲಿನ ಉದ್ದಕ್ಕೆ ಆ ಕಡೆಯಿಂದ ಈ ಕಡೆಗೆ ಒಮ್ಮೆ, ಈ ಕಡೆಯಿಂದ ಆ ಕಡೆಗೆ ಒಮ್ಮೆ ಎಳೆದ. ಮೊದಲ ಶಬ್ದದ ಮೇಲೆ ನಿಲ್ಲಿಸಿದ, ಮುಂದೆ ಹೋದ, ಉದ್ದದ ಶಬ್ದದ ಮೇಲೆ ಬಂದು ಕೂತ. "ಇದೇ," ಎಂದ. ಬಟ್ಟೆಗೆ ಹಚ್ಚುವ ಬಿಳಿ ಬಣ್ಣವನ್ನು ಎರಡು ಸಲ ಬಳಿದ. ಕೆಲಸ ಎಷ್ಟು ಅಚ್ಚುಕಟ್ಟೆಂದರೆ, ಅಲ್ಲಿ ಏನೋ ಇತ್ತು ಎಂದು ಗೊತ್ತೇ ಆಗುತ್ತಿರಲಿಲ್ಲ. ಲೋಲಾಕ್ಷಿಗೆ ಎದೆಯ ಭಾರ ಇಳಿದಂತಾಯಿತು. ಮೋಹಿನಿಗೆ ಫೋನು ಮಾಡಿ, "ಹೋಯ್ತು ಅದು," ಎಂದಳು.

ಬೆಳಿಗ್ಗೆ ಕುಂಞ ಬೇಗ ಹೋಗಿ ಬ್ಯಾನರನ್ನು ವಾಚನಾಲಯದ ಎದುರಿನ ಕಂಬಗಳಿಗೆ ಎಳೆದು ಕಟ್ಟಿದ. ಒಳಗೆ ಪುಸ್ತಕದ ಕಪಾಟುಗಳನ್ನು ಮೂಲೆಗೆ ಸರಿಸಿ ಒಂದೇ ಗೋಡೆಯಲ್ಲಿ ಅಕ್ಕನದ್ದೊಂದು ತಮ್ಮನದ್ದೊಂದು ಎಂದು ಚಿತ್ರಗಳನ್ನು ಬೆರೆಸಿ ತೂಗುಹಾಕಿದ್ದರು. ನಡುವೆ ಕುಂಬಳೆ ಸ್ಟೇಷನ್ನು. ಲೋಲಾಕ್ಷಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಇಷ್ಟೊಂದು ಚಿತ್ರಗಳು ತನ್ನ ಮನೆಯ ಮಾಡಿನ ಅಡಿಯಲ್ಲೇ ಆದದ್ದಾ ಎಂದು ಅವಳಿಗೆ ಆಶ್ಚರ್ಯ. ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಬೇಕು?

ಅಶ್ವಿತ್ ಇಸ್ತ್ರಿ ಹಾಕಿದ ನೀಲಿ ಅಂಗಿಯಲ್ಲಿ ಬಂದ. ಬಾಗಿಲಿನ ಎದುರು ನಿಂತು ಬ್ಯಾನರು ಓದಿದ. ಮೊಬೈಲು ತೆಗೆದು ಅದರ ಫೋಟೋ ಹಿಡಿಯಲು ಹೋದವನು ಕೈ ಇಳಿಸಿದ. ಹತ್ತಿರ ಹೋಗಿ ಬಿಳಿ ಬಳಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅಪ್ಪನ ಕೈಕೆಲಸ ಅವನಿಗೆ ಗೊತ್ತಾಗದೆ ಇರುತ್ತದಾ? ತಿರುಗಿ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಲೋಲಾಕ್ಷಿ ಚೆನ್ನಾಗಿ ಉಂಟು ಎಂದು ತಲೆಯಾಡಿಸಿದಳು.

ಅವನು ಒಳಗೆ ಹೋದ. ಗೋಡೆಯಿಂದ ತನ್ನ ಚಿತ್ರಗಳನ್ನು ಒಂದೊಂದಾಗಿ ಇಳಿಸತೊಡಗಿದ. ಇಳಿಸಿ ಇಳಿಸಿ ಆಚೆಯ ಕೋಣೆಗೆ, ಕಪಾಟುಗಳ ಬೆನ್ನಿನ ಬದಿಗೆ ಒಯ್ದು ಒರಗಿಸಿದ. ರಶ್ಮಿತಾ ಓಡಿಹೋಗಿ ಕೈ ಹಿಡಿದಳು. ಅವನು ಕೈ ಬಿಡಿಸಿಕೊಂಡು ಬಾಗಿಲಿನ ಕಡೆ ಬೆರಳು ತೋರಿಸಿದ.

ರಶ್ಮಿತಾ ಹೊರಗೆ ಬಂದು ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಓದಿದಳು. ಮುಖದ ಬಣ್ಣವೇ ಹೋಯಿತು.

"ಇದಕ್ಕೆ ಬಿಳಿ ಹೊಡೆದದ್ದು ಯಾರು?"

"ನಾನೇ ಹೊಡೆಸಿದ್ದು," ಎಂದಳು ಲೋಲಾಕ್ಷಿ. "ಆ ಶಬ್ದ ನನಗೆ ಬೇಡ ಅಂತ ನಿನಗೆ ಹೇಳಿದ್ದೇನೆ."

"ಯಾವ ಶಬ್ದ ಅಮ್ಮ? ಭಿನ್ನಶೇಷಿ ಅಂತ ಇಲ್ಲೇ ಉಂಟು, ನೋಡು! ನೀವು ಅಳಿಸಿದ್ದು ಸಹೋದರರು ಅಂತ ಇದ್ದದ್ದನ್ನು. ಅಕ್ಕ ತಮ್ಮ ಅಂತ ಇದ್ದದ್ದನ್ನು!"

ಲೋಲಾಕ್ಷಿ ಗಂಡನ ಕಡೆ ತಿರುಗಿದಳು. ಕುಂಞ ಕೈಯಲ್ಲಿದ್ದ ಹಗ್ಗದ ತುಂಡನ್ನು ಸುತ್ತುತ್ತಿದ್ದ.

"ನಿಮಗೆ ಓದ್ಲಿಕ್ಕೆ ಬರುದಿಲ್ವಾ?"

"ಗಿರಾಕಿಗಳು ಚೀಟಿ ಬರ್ದು ಕೊಡ್ತಿದ್ರು," ಎಂದ ಕುಂಞ, ಸ್ವರವೇ ಇಲ್ಲದೆ. "ಅದನ್ನು ನೋಡಿ ಬಿಡಿಸ್ತಿದ್ದೆ. ಅಂಗಡಿ, ಹೋಟೆಲು ಅಂತ ಹತ್ತು ಶಬ್ದ ಗುರ್ತ ಸಿಗ್ತದೆ. ಬೇರೆ ಎಲ್ಲ ನನಗೆ ಚಿತ್ರದ ಹಾಗೆ."

"ಮತ್ತೆ ನಿನ್ನೆ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು?"

ಕುಂಞ ಹಗ್ಗದ ಸುರುಳಿಯನ್ನು ಕಿಸೆಗೆ ತುರುಕಿಕೊಂಡ. ಅಷ್ಟರಲ್ಲಿ ಉದ್ಘಾಟನೆಯ ಅತಿಥಿಗಳ ಕಾರು ಬಂತು. ಪ್ರದರ್ಶನ ಎರಡು ಕೋಣೆಗಳಲ್ಲಿ ನಡೆಯಿತು. ಸ್ಟೇಷನ್ನಿನ ಚಿತ್ರ ಎರಡು ಕಡೆಯೂ ಸೇರದೆ ಮಾಸ್ಟ್ರ ಮೇಜಿನ ಬದಿಗೆ ನಿಂತುಕೊಂಡಿತು. ಎಲ್ಲರೂ ಫೋಟೋಕ್ಕೆ ನಿಂತಾಗ ಅಶ್ವಿತ್ ಕುರ್ಚಿಗಳನ್ನು ಮಡಚಿಡುತ್ತಿದ್ದ, ಕರೆದರೂ ಬರಲಿಲ್ಲ.

ಆ ಸಂಜೆ ರಶ್ಮಿತಾ ತಮ್ಮನ ಎದುರು ಕೂತು ಕೈ ನೋಯುವವರೆಗೂ ವಿವರಿಸಿದಳು. ಲೋಲಾಕ್ಷಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಎಂತ ಹೇಳ್ತಾನೆ?"

"ಅಪ್ಪನಿಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ ಅಂತ ಹೇಳಿದೆ. ನಂಬುದಿಲ್ಲ ಅವನು. ನನ್ನ ಶಾಲೆಯ ಗೇಟಿನ ಬೋರ್ಡು ಬರ್ದದ್ದು ಯಾರು ಅಂತ ಕೇಳ್ತಾನೆ."

"ದೇವರಾಣೆ ಅಂತ ಹೇಳು. ನಾವು ಅಳಿಸ್ಲಿಕ್ಕೆ ಹೊರಟದ್ದು ಬೇರೆ ಶಬ್ದ ಅಂತ ಹೇಳು."

ರಶ್ಮಿತಾ ಹೇಳಿದಳು. ಅವನು ನಿಧಾನವಾಗಿ ಕೈಗಳನ್ನು ಆಡಿಸಿದ. ರಶ್ಮಿತಾ ಅದನ್ನು ಅಮ್ಮನಿಗೆ ಹೇಳುವ ಮೊದಲು ಮೂಗು ಒರೆಸಿಕೊಂಡಳು.

"ಆ ಶಬ್ದ ನನ್ನದು ಅಂತೆ. ಅದನ್ನು ತೋರಿಸಿಯೇ ನನಗೆ ಶಾಲೆ ಸಿಕ್ಕಿದ್ದು, ಪಾಸು ಸಿಕ್ಕಿದ್ದು ಅಂತೆ. ಅದನ್ನು ಅಕ್ಕನಿಗೆ ತಾಗದ ಹಾಗೆ ಅಳಿಸ್ಲಿಕ್ಕೆ ಹೋದ್ರೆ, ಸಹೋದರರು ಅಂತ ಇದ್ದದ್ದನ್ನು ಅಳಿಸಿದ್ದಕ್ಕೂ ಅದಕ್ಕೂ ಎಂತ ವ್ಯತ್ಯಾಸ ಅಂತ ಕೇಳ್ತಾನೆ."

ಲೋಲಾಕ್ಷಿ ಮಗನ ಹತ್ತಿರ ಹೋಗಿ ಕೂತಳು. ತಪ್ಪಾಯಿತು ಎನ್ನಲು ಆ ಮನೆಯಲ್ಲಿ ಸನ್ನೆ ಇರಲಿಲ್ಲ. ಯಾರಿಗೂ ಬೇಕಾಗಿರಲಿಲ್ಲ ಅದು ಇಷ್ಟು ವರ್ಷ. ಅವಳು ಅವನ ಗಲ್ಲ ಮುಟ್ಟಿದಳು. ಊಟ ಎಂದು ಸನ್ನೆ ಮಾಡಿದಳು. ಅವನು ವಿಧೇಯನಾಗಿ ಎದ್ದು ಬಂದು ಉಂಡ.

ಅಲ್ಲಿಂದ ಶುರುವಾಯಿತು ನೋಡಿ. ಮಗ ಸಿಟ್ಟು ಮಾಡಿಕೊಂಡು ಬಟ್ಟಲು ಎಸೆದಿದ್ದರೆ ಲೋಲಾಕ್ಷಿ ಸಂತೋಷಪಡುತ್ತಿದ್ದಳು. ಅವನು ಬಟ್ಟಲನ್ನು ತೊಳೆದಿಡತೊಡಗಿದ. ಹಾಕಿದ್ದನ್ನು ಉಂಡು, ಹಾಕದ್ದನ್ನು ಕೇಳದೆ ಎದ್ದು ಹೋಗುತ್ತಿದ್ದ. ಒಂದು ದಿನ ಬೇಕೆಂದೇ ಸಾರಿಗೆ ಎರಡು ಹಿಡಿ ಉಪ್ಪು ಹಾಕಿದಳು. ಕುಂಞ ಥೂ ಎಂದ. ರಶ್ಮಿತಾ, "ಅಮ್ಮ, ಸಮುದ್ರವಾ ಇದು?" ಎಂದಳು. ಅಶ್ವಿತ್ ತುತ್ತು ತುತ್ತಾಗಿ ಪೂರ್ತಿ ಉಂಡು, ಬಟ್ಟಲು ತೊಳೆದು ಬೋರಲು ಹಾಕಿ ಹೋದ. ಲೋಲಾಕ್ಷಿ ಒಲೆಯ ಎದುರು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೆತ್ತ ಮಗ ತನ್ನ ಮನೆಯಲ್ಲೇ ನೆಂಟನ ಹಾಗೆ ಇರತೊಡಗಿದ್ದ.

ಮನೆಯೊಳಗೆ ಉಳಿದವರ ಜಗಳಗಳೇನೂ ಕಡಿಮೆಯಾಗಲಿಲ್ಲ.

"ನಲ್ವತ್ತು ವರ್ಷದ ಜಂಬ ನಿಮ್ಮದು," ಎಂದು ಗಂಡನಿಗೆ ಹೇಳುತ್ತಿದ್ದಳು. "ಬರುದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಮಂಡೆ ಬಿದ್ದು ಹೋಗ್ತಿತ್ತಾ?"

"ಅಳಿಸ್ಲಿಕ್ಕೆ ಹೇಳಿದ್ದು ಯಾರು?" ಎನ್ನುತ್ತಿದ್ದ ಕುಂಞ. ಅವಳು ಎದ್ದು ಹೋಗಿ ಪಾತ್ರೆ ಕುಕ್ಕುತ್ತಿದ್ದಳು.

ರಶ್ಮಿತಾ ಒಂದು ಸಲ ಸಂಬಂಧವೇ ಬೇಡ ಎಂದಳು. ಮೋಹಿನಿ ಬಸ್ಸು ಹಿಡಿದು ಓಡಿಬಂದು ಎರಡು ಗಂಟೆ ಬುದ್ಧಿ ಹೇಳಿದಳು. "ತಮ್ಮನಿಗೆ ಬೇಜಾರಾಯ್ತು ಅಂತ ನೀನು ಮನೆಯಲ್ಲಿ ಕೂತ್ರೆ ಅವನ ಕಿವಿ ಬರ್ತದಾ?" ಎಂದಳು. ಆಶ್ಚರ್ಯವೆಂದರೆ, ಮದುವೆ ಆಗಬೇಕು ಎಂದು ಹಟ ಹಿಡಿದವನು ಅಶ್ವಿತ್. ಹುಡುಗನ ಫೋಟೋ ನೋಡಿ ಒಳ್ಳೆಯವ ಎಂದು ಹೆಬ್ಬೆರಳು ಎತ್ತಿದ, ಹುಡುಗನ ಕಡೆಯವರು ಬರುವ ದಿನ ಗೊತ್ತಾದ ಮೇಲೆ ಜಗಲಿಗೆ ತಾನೇ ಸುಣ್ಣ ಹೊಡೆದ. ಅಕ್ಕನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದು ಲೋಲಾಕ್ಷಿಗೆ ಮತ್ತಷ್ಟು ಚುಚ್ಚುತ್ತಿತ್ತು.

ಒಂದು ಭಾನುವಾರ ಅವರು ಬಂದರು: ಹುಡುಗನ ಸೋದರಮಾವ ಲೋಕನಾಥ, ಅವರ ಹೆಂಡತಿ, ಜೊತೆಗೆ ಮೋಹಿನಿ. ಲೋಕನಾಥ ಕಣ್ಣೂರಿನ ಕಡೆ ಬ್ಯಾಂಕಿನಲ್ಲಿ ಇಡೀ ಸರ್ವಿಸು ಮುಗಿಸಿ ಬಂದವರು. ಮೃದು ಮಾತಿನ ಮನುಷ್ಯ. ರಶ್ಮಿತಾ ಚಾ ಕೊಟ್ಟಳು. ಅಂಗಡಿಯ ಕೆಲಸದ ಬಗ್ಗೆ, ಚಿತ್ರದ ಬಗ್ಗೆ ಒಂದೆರಡು ಮಾತಾದವು. ಅವರಿಗೆ ಹುಡುಗಿ ಒಪ್ಪಿಗೆಯಾದದ್ದು ಮುಖದಲ್ಲೇ ಕಾಣುತ್ತಿತ್ತು. ಮೋಹಿನಿ ಲೋಲಾಕ್ಷಿಗೆ ಕಣ್ಣಿನಲ್ಲೇ ಆಯಿತು ಎಂದಳು.

ಅಶ್ವಿತ್ ಒಳಗಿನಿಂದ ಇನ್ನೊಂದು ಕುರ್ಚಿ ತಂದಿಟ್ಟು, ಅಂಗಳದ ಮೂಲೆಗೆ ಹೋಗಿ ಸೀಮೆಎಣ್ಣೆಯಲ್ಲಿ ಬ್ರಷ್ಷುಗಳನ್ನು ತೊಳೆಯತೊಡಗಿದ. ಮೈಮೇಲೆ ಬಣ್ಣದ ಕಲೆಗಳಿದ್ದ ಕೆಲಸದ ಅಂಗಿ. ಒಳ್ಳೆಯ ಅಂಗಿ ಹಾಕಿಕೋ ಎಂದು ತಾಯಿ ಎರಡು ಸಲ ತೋರಿಸಿದ್ದಳು, ಹಾಕಿರಲಿಲ್ಲ.

"ಅವನೇ ಅಲ್ವಾ ತಮ್ಮ?" ಎಂದರು ಲೋಕನಾಥ. "ಮಲಯಾಳ ಓದ್ತಾನೆ ಅಂತ ಮೋಹಿನಿ ಹೇಳಿದ್ರು. ನಾನು ಮಾತಾಡಿಸ್ತೇನೆ." ಎದ್ದು ಅಂಗಳಕ್ಕೆ ಇಳಿದರು. ಮೊಬೈಲಿನಲ್ಲಿ ಏನನ್ನೋ ಬರೆದು ಅವನ ಮುಂದೆ ಹಿಡಿದರು. ಅಶ್ವಿತ್ ಓದಿದ. ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡು ಬರೆದು ವಾಪಸು ಕೊಟ್ಟ. ನಮಸ್ಕಾರವನ್ನೂ ಮಾಡಿದ. ಲೋಲಾಕ್ಷಿ ಗೋಳಿಬಜೆಯ ಪ್ಲೇಟು ಹಿಡಿದು ಜಗಲಿಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು ಚಂದ ಮಾತಾಡುತ್ತಾನೆ ಮಗ, ತನಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಅರ್ಥವಾಗುವ ಹಾಗೆ, ಎಂದುಕೊಂಡಳು.

ಲೋಕನಾಥ ಮೊಬೈಲು ನೋಡುತ್ತ ಜಗಲಿಗೆ ಬಂದರು. ಹುಬ್ಬು ಗಂಟಾಗಿತ್ತು.

"ಜ್ವರ ಬಂದದ್ದು ನಿನಗೆ ನೆನಪುಂಟಾ ಅಂತ ಕೇಳಿದೆ. ಇದೆಂತ ಬರ್ದದ್ದು ಇವನು?" ಎಂದು ಗಟ್ಟಿಯಾಗಿ ಓದಿದರು: "ಞಾನ್ ಈ ವೀಟ್ಟಿಲೆ ಆಳಲ್ಲ. ಪೈಂಟ್ ಪಣಿಕ್ಕ್ ವನ್ನದಾಣ್."

ಓದಲು ಬಾರದಿದ್ದರೂ, ಕೇಳಿದರೆ ಅರ್ಥವಾಗದಷ್ಟು ದೂರದ ಭಾಷೆಯಲ್ಲ ಅದು ಆ ಊರಿನವರಿಗೆ. ನಾನು ಈ ಮನೆಯವನಲ್ಲ. ಪೇಂಟಿನ ಕೆಲಸಕ್ಕೆ ಬಂದವನು. ಮಗ ಬರೆದದ್ದು ತಾಯಿಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು.

"ಅವನಿಗೆ ಸ್ವಲ್ಪ ಕುಶಾಲು ಜಾಸ್ತಿ," ಎಂದು ಮೋಹಿನಿ ನಗಲು ನೋಡಿದಳು. "ಬನ್ನಿ ಅಣ್ಣ, ಚಾ ತಣಿತದೆ."

"ಕುಶಾಲು ಅಲ್ಲ," ಎಂದಳು ಲೋಲಾಕ್ಷಿ.

"ಅತ್ತಿಗೆ!"

"ನೀನು ಸುಮ್ನಿರು ಮೋಹಿನಿ." ಅವಳು ಪ್ಲೇಟನ್ನು ಮೆಟ್ಟಿಲ ಮೇಲೆ ಇಟ್ಟಳು. "ಅವನು ನನ್ನ ಮಗ. ಇವಳ ಬೆನ್ನಿಗೆ ಹುಟ್ಟಿದವ. ಹುಟ್ಟುವಾಗಲೇ ಕಿವಿ ಕೇಳ್ತಿರ್ಲಿಲ್ಲ. ಜ್ವರ ಗಿರ ಎಂತದ್ದೂ ಬರ್ಲಿಲ್ಲ, ನಾವು ಸುಳ್ಳು ಹೇಳಿದ್ದು. ಅವನನ್ನು ಅಡಗಿಸಿ ಅಡಗಿಸಿ, ತಾನು ಇಲ್ಲಿಯವನೇ ಅಲ್ಲ ಅಂತ ಅವನೇ ಬರೀವಷ್ಟು ಮಾಡಿದ್ದು ನಾನು. ಇನ್ನು ನಿಮಗೆ ಎಂತ ಕಾಣ್ತದೋ ಹಾಗೆ ಮಾಡಿ. ಮಗಳನ್ನು ಕೊಡ್ಲಿಕ್ಕೆ ಮಗನನ್ನು ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗುದಿಲ್ಲ."

ಲೋಕನಾಥ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಹೆಂಡತಿಯ ಮುಖ ನೋಡಿದರು. "ಶ್ಯಾಮನ ಹತ್ರ ಮಾತಾಡ್ಬೇಕು," ಎಂದರು ಕೊನೆಗೆ. ಕೋಪವೂ ಇರಲಿಲ್ಲ ಆ ಸ್ವರದಲ್ಲಿ, ಭರವಸೆಯೂ ಇರಲಿಲ್ಲ. ಕುಂಞ ತಲೆ ತಗ್ಗಿಸಿಕೊಂಡು ನಿಂತಿದ್ದ.

ಅಂಗಳದಿಂದ ಅಶ್ವಿತ್ ಎಲ್ಲರ ಮುಖ ನೋಡಿದ. ಏನೋ ಕೆಟ್ಟಿದೆ ಎಂದು ಗೊತ್ತಾಗಿ ಓಡಿಬಂದು ಅಕ್ಕನ ತೋಳು ಹಿಡಿದು ಅಲುಗಿಸಿದ. ರಶ್ಮಿತಾ ಅಳುತ್ತಲೇ ಕೈಗಳಲ್ಲಿ ಹೇಳಿದಳು, ಅಮ್ಮ ಹೇಳಿದ್ದನ್ನೆಲ್ಲ, ಒಂದನ್ನೂ ಬಿಡದೆ.

ಅವನು ಹಣೆಗೆ ಕೈ ಬಡಿದುಕೊಂಡ. ಎರಡೇ ಹೆಜ್ಜೆಗೆ ಮೆಟ್ಟಿಲು ಹತ್ತಿ ತಾಯಿಯ ಎದುರು ನಿಂತ. ಗೇಟಿನ ಕಡೆ ತೋರಿಸಿದ, ಅಕ್ಕನ ಕಡೆ ತೋರಿಸಿದ, ಅಕ್ಕನ ಬರಿಯ ಕೊರಳನ್ನು ತೋರಿಸಿದ, ಬೆರಳಿನಿಂದ ತನ್ನ ತಲೆಯನ್ನು ಕುಟ್ಟಿ ತಾಯಿಯ ತಲೆಯನ್ನು ತೋರಿಸಿದ. ಗಂಟಲಿನಿಂದ ಒರಟು ಸ್ವರಗಳು ಒಂದರ ಮೇಲೊಂದು ಬಿದ್ದವು. ಬಣ್ಣದ ಕೈಗಳು ಅವಳ ಮುಖದ ಮುಂದೆ ನಿಲ್ಲದೆ ಓಡುತ್ತಿದ್ದವು. ನಿನಗೆ ಬುದ್ಧಿ ಉಂಟಾ, ಅಕ್ಕನ ಗತಿ ಎಂತ, ನಿನ್ನಲ್ಲಿ ಯಾರು ಕೇಳಿದ್ದು? ಲೋಲಾಕ್ಷಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತ, ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳದೆ, ಹೂಂ ಹೂಂ ಎಂದು ತಲೆಯಾಡಿಸುತ್ತ ನಿಂತಳು.

"ಅತ್ತಿಗೆ, ನಿಲ್ಲಿಸ್ಲಿಕ್ಕೆ ಹೇಳಿ ಅವನಿಗೆ," ಎಂದು ಮೋಹಿನಿ ಹಿಂದಿನಿಂದ ಪಿಸುಗುಟ್ಟಿದಳು. "ನೆಂಟರು ನೋಡ್ತಿದ್ದಾರೆ."

"ನೋಡ್ಲಿ," ಎಂದಳು ಲೋಲಾಕ್ಷಿ. "ಈ ಮನೆಯವನಲ್ಲದಿದ್ರೆ ನನಗೆ ಹೀಗೆ ಬೈತಿದ್ದನಾ?"